ಗೇರು ಕಿರುಚುತ್ತಿದ್ದ ಕೆಂಪು ಬಸ್ಸುಗಳು

ಕೆಂಪು ಬಸ್ಸು ಎಂದೊಡನೆ ನಮಗೆ ನೆನಪಾಗುವುದು ಸರ್ಕಾರಿ ಸಾರಿಗೆಯ ಬಸ್ಸು. ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವುದು, ಕಂಡಕ್ಟರರ ಸೀಟಿ, ಧೂಳು. ಅಮೆರಿಕದ ವಾಯವ್ಯಕ್ಕಿರುವ ಮೊಂಟಾನಾ ರಾಜ್ಯದಲ್ಲೂ ಜನ ಬರಿದೆ ‘ಕೆಂಪು ಬಸ್ಸು’ ಎಂದರೆ ಸಾಕು, ಯಾವ ಬಸ್ಸು ಎಂದು ಯಾರೂ ಕೇಳುವುದಿಲ್ಲ. ಕೆನಡಾದ ಗಡಿಗೆ ಒತ್ತಿಕೊಂಡಿರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಘಾಟಿ ಹತ್ತಿ ಇಳಿಯುವ 33 ಬಸ್ಸುಗಳವು. 1936ರಿಂದ 1939ರೊಳಗೆ ತಯಾರಾದವು. ಅಂದರೆ ಎರಡನೆಯ ಮಹಾಯುದ್ಧ ಆರಂಭವಾಗುವಷ್ಟರಲ್ಲಿ ರಸ್ತೆಗೆ ಇಳಿದಿದ್ದ ವಾಹನಗಳು. ಅವು ಇಂದಿಗೂ ಟಿಕೆಟಿನ ಪ್ರಯಾಣಿಕರನ್ನು ಹೊತ್ತು ಓಡುತ್ತಿವೆ ಎಂಬುದೇ ಒಂದು ಸೋಜಿಗ. ಅವು ಇಂದಿಗೂ ‘ಅವೇ’ ಬಸ್ಸುಗಳೋ ಎಂಬುದು ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯದ ಪ್ರಶ್ನೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಬಸ್ಸನ್ನು ನೋಡಬೇಕು. ಉದ್ದ ಸುಮಾರು 25 ಅಡಿ. ಮುಂದೆ ಕಾರಿನ ಹಾಗೆ ಚಾಚಿಕೊಂಡ ಮೂತಿ, ಅದರ ಇಕ್ಕೆಲಗಳಲ್ಲಿ ಉಬ್ಬಿದ ಕಪ್ಪು ಮಡ್‌ಗಾರ್ಡುಗಳು. ಹಿಂದೆ ಸಾಲು ಬೆಂಚುಗಳು. ಒಂದೊಂದು ಸಾಲಿಗೂ ಒಂದೊಂದು ಬಾಗಿಲು. ಹೀಗಾಗಿ ಬಸ್ಸಿನೊಳಗೆ ನಡುವೆ ಓಡಾಡುವ ಜಾಗವೇ ಇಲ್ಲ. ಹದಿನೇಳು ಮಂದಿ ಕೂರಬಹುದು. ಮೈಬಣ್ಣ ಅಲ್ಲಿನ ಬೆಟ್ಟಗಳಲ್ಲಿ ಬೆಳೆಯುವ ಮೌಂಟನ್ ಆಶ್ ಎಂಬ ಮರದ ಮಾಗಿದ ಹಣ್ಣಿನ ಕೆಂಪು. ಎಲ್ಲಕ್ಕಿಂತ ಮುಖ್ಯವಾದದ್ದು ತಲೆಯ ಮೇಲಿನ ಛಾವಣಿ. ಅದು ಕ್ಯಾನ್ವಾಸಿನದು. ಬಿಸಿಲಿದ್ದರೆ ಚಾಪೆ ಸುತ್ತಿದ ಹಾಗೆ ಸುತ್ತಿ ಹಿಂದಕ್ಕೆ ಕಟ್ಟಿಬಿಡಬಹುದು. ಆಗ ಬೆಟ್ಟದ ತುದಿ ನೋಡಲು ಯಾರೂ ಕಿಟಕಿಯಲ್ಲಿ ತಲೆ ತೂರಿಸಬೇಕಾಗಿಲ್ಲ. ಚಳಿಯಾದರೆ ಮೊಣಕಾಲ ಮೇಲೆ ಹೊದೆಯಲು ಕಂಬಳಿ ಕೊಡುತ್ತಾರೆ.

ರೈಲಿನವರ ಬೆಟ್ಟ

ಈ ಬಸ್ಸುಗಳ ಕತೆ ಆರಂಭವಾಗುವುದು ರೈಲಿನಿಂದ. ಗ್ರೇಟ್ ನಾರ್ದರ್ನ್ ರೈಲ್ವೆ ಕಂಪನಿಯ ಹಳಿ ಈ ಬೆಟ್ಟಸಾಲಿನ ದಕ್ಷಿಣದ ಅಂಚಿನಲ್ಲಿ ಹಾದುಹೋಗುತ್ತದೆ. ಕಂಪನಿಯನ್ನು ಕಟ್ಟಿದವನು ಜೇಮ್ಸ್ ಹಿಲ್. ಅವನ ಮಗ ಲೂಯಿ ಹಿಲ್‌ಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಹಣವಂತ ಅಮೆರಿಕನ್ನರು ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗುತ್ತಾರೆ. ಅದೇ ಹಿಮ, ಅದೇ ಸರೋವರ ತನ್ನ ಹಳಿಯ ಪಕ್ಕದಲ್ಲೇ ಇರುವಾಗ ಅವರೇಕೆ ಹಡಗು ಹತ್ತಬೇಕು? 1910ರಲ್ಲಿ ಅಧ್ಯಕ್ಷ ಟ್ಯಾಫ್ಟ್ ಸಹಿಯೊಂದಿಗೆ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನವಾಯಿತು. ಹಿಲ್ ಕೂಡಲೇ ಸ್ವಿಸ್ ಮಾದರಿಯ ಮರದ ಹೋಟೆಲುಗಳನ್ನು ಕಟ್ಟಿಸತೊಡಗಿದ. 1913ರಲ್ಲಿ ಗ್ಲೇಸಿಯರ್ ಪಾರ್ಕ್ ಲಾಡ್ಜ್, 1915ರಲ್ಲಿ ಮೆನಿ ಗ್ಲೇಸಿಯರ್ ಹೋಟೆಲು. ರೈಲಿನವರು ಟಿಕೆಟು ಮಾರುತ್ತಿದ್ದುದು ಒಂದು ಪ್ರಯಾಣಕ್ಕಲ್ಲ. ಇಡೀ ಒಂದು ಬೆಟ್ಟಕ್ಕೆ.

ಆದರೆ ಬೆಟ್ಟ ರೈಲಿನವರದಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಉದ್ಯಾನದ ಪೂರ್ವಾರ್ಧ ಬ್ಲ್ಯಾಕ್‌ಫೀಟ್ ಬುಡಕಟ್ಟಿನವರ ನೆಲ. ಬರಗಾಲ, ಹಸಿವಿನ ಏಟು ತಿಂದಿದ್ದ ಆ ಜನರಿಂದ 1895ರ ಒಪ್ಪಂದದ ಮೂಲಕ ಸರ್ಕಾರ 15 ಲಕ್ಷ ಡಾಲರಿಗೆ ಆ ಬೆಟ್ಟಗಳನ್ನು ಪಡೆಯಿತು. ಬೇಟೆಯಾಡುವ, ಮರ ಕಡಿಯುವ ಹಕ್ಕು ಅವರಿಗೆ ಉಳಿಯುತ್ತದೆ ಎಂದು ಒಪ್ಪಂದದಲ್ಲಿತ್ತು. ಹದಿನೈದೇ ವರ್ಷಕ್ಕೆ ಅದು ರಾಷ್ಟ್ರೀಯ ಉದ್ಯಾನವಾಗಿ ಆ ಹಕ್ಕೂ ಕೈತಪ್ಪಿತು. ಆಮೇಲೆ ಅದೇ ಜನರನ್ನು ಗರಿಯ ಕಿರೀಟ ತೊಡಿಸಿ ನಿಲ್ದಾಣದಲ್ಲಿ ಪ್ರವಾಸಿಗರನ್ನು ಸ್ವಾಗತಿಸಲು ನಿಲ್ಲಿಸಿದ ರೈಲ್ವೆ ಕಂಪನಿ, ತನ್ನ ಜಾಹೀರಾತುಗಳಲ್ಲಿ ಅವರನ್ನು ‘ಗ್ಲೇಸಿಯರ್ ಪಾರ್ಕಿನ ಇಂಡಿಯನ್ನರು’ ಎಂದು ಕರೆಯಿತು. ಕೆಂಪು ಬಸ್ಸಿನ ಚೆಲುವನ್ನು ಮೆಚ್ಚುವಾಗ ಈ ಮಾತೂ ನೆನಪಿರಬೇಕು.

ರೈಲು ಇಳಿದವರನ್ನು ಹೋಟೆಲಿಗೆ ಸಾಗಿಸುವ ಕೆಲಸವನ್ನು ಮೊದಲು ಕುದುರೆ ಸಾರೋಟುಗಳು ಮಾಡುತ್ತಿದ್ದವು. 1914ರಲ್ಲಿ ರೋ ಎಮರಿ ಎಂಬಾತ ಸಾರಿಗೆ ಕಂಪನಿಯೊಂದನ್ನು ಆರಂಭಿಸಿ ಮೋಟಾರುಗಳನ್ನು ತಂದ. ಅವು ಓಹಾಯೋ ರಾಜ್ಯದ ಕ್ಲೀವ್‌ಲೆಂಡಿನಲ್ಲಿದ್ದ ವೈಟ್ ಕಂಪನಿಯ ಗಾಡಿಗಳು. ಈ ವೈಟ್ ಕಂಪನಿಯದೂ ಒಂದು ಸ್ವಾರಸ್ಯ. ಅದು ಮೂಲದಲ್ಲಿ ಹೊಲಿಗೆ ಯಂತ್ರ ಮಾಡುತ್ತಿದ್ದ ಮನೆತನ. ಇಪ್ಪತ್ತನೆಯ ಶತಮಾನ ಕಣ್ಣು ಬಿಡುವಾಗ ಉಗಿಯಿಂದ ಓಡುವ ಕಾರುಗಳಿಗೆ ಕೈಹಾಕಿ, ಆಮೇಲೆ ಪೆಟ್ರೋಲ್ ಲಾರಿ, ಬಸ್ಸುಗಳಿಗೆ ಬಂತು. ಶ್ವೇತಭವನದ ಮೊದಮೊದಲ ಮೋಟಾರುಗಳಲ್ಲಿ ಒಂದು ವೈಟ್ ಕಂಪನಿಯ ಉಗಿ ಕಾರು. ಅದನ್ನು ಏರಿ ತಿರುಗುತ್ತಿದ್ದವನು ಉದ್ಯಾನದ ಕಾಯಿದೆಗೆ ಸಹಿ ಹಾಕಿದ ಅದೇ ಟ್ಯಾಫ್ಟ್.

ಒಂದೇ ತಿರುವಿನ ಘಾಟಿ

ಬಸ್ಸು ಹೇಗಿರಬೇಕೆಂದು ನಿರ್ಧರಿಸಿದ್ದು ರಸ್ತೆ. ಬೆಟ್ಟಸಾಲನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ರಸ್ತೆಯ ಕೆಲಸ 1921ರಲ್ಲಿ ಆರಂಭವಾಯಿತು. ಘಟ್ಟವನ್ನು ಹತ್ತಿಸುವುದು ಹೇಗೆಂಬ ಬಗ್ಗೆ ಇಲಾಖೆಯೊಳಗೇ ಜಗಳ. ಮುಖ್ಯ ಎಂಜಿನಿಯರ್ ಜಾರ್ಜ್ ಗುಡ್‌ವಿನ್ ಹಾಕಿದ ನಕ್ಷೆಯಲ್ಲಿ ಹದಿನೈದು ಹೇರ್‌ಪಿನ್ ತಿರುವುಗಳಿದ್ದವು. ಆಗುಂಬೆ ಘಾಟಿ ಇಳಿದವರಿಗೆ ಈ ಲೆಕ್ಕ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ, ಅಲ್ಲಿ ಹದಿನಾಲ್ಕು. ಟಾಮಸ್ ವಿಂಟ್ ಎಂಬ ಭೂದೃಶ್ಯ ವಿನ್ಯಾಸಕ ಬೇರೆಯೇ ಮಾತು ಹೇಳಿದ. ಇಷ್ಟು ತಿರುವು ಹಾಕಿದರೆ ಕಣಿವೆಯ ಮುಖವೆಲ್ಲ ಗೀರುಗಳಾಗುತ್ತವೆ. ಬೆಟ್ಟದ ಎದೆಗೆ ಅಂಟಿಸಿದ ಹಾಗೆ ಒಂದೇ ಓಟದಲ್ಲಿ ರಸ್ತೆ ಕೊರೆದು, ಒಂದೇ ಒಂದು ಕಡೆ ತಿರುಗಿಸಿದರೆ ಸಾಕು ಎಂದ. ಖರ್ಚು ಹೆಚ್ಚು, ಕೆಲಸ ಕಷ್ಟ. ಆದರೂ ಉದ್ಯಾನಗಳ ನಿರ್ದೇಶಕ ಸ್ಟೀಫನ್ ಮೇದರ್ ವಿಂಟನ ಮಾತನ್ನೇ ಒಪ್ಪಿದ. ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಯ ಮೇಲೆ ಜನ ದುಡಿದರು. ಮೂವರು ಪ್ರಾಣ ಕಳೆದುಕೊಂಡರು. 1932ರಲ್ಲಿ ಮುಗಿದ ರಸ್ತೆ 1933ರ ಜುಲೈ 15ರಂದು 6,646 ಅಡಿ ಎತ್ತರದ ಲೋಗನ್ ಕಣಿವೆದಾರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಇಟ್ಟ ಹೆಸರು ‘ಗೋಯಿಂಗ್ ಟು ದ ಸನ್ ರೋಡ್’, ಅಂದರೆ ಸೂರ್ಯನೆಡೆಗೆ ಹೋಗುವ ದಾರಿ. ಒಟ್ಟು 50 ಮೈಲಿ.

ಈ ದಾರಿಗೆ ಉದ್ದನೆಯ ಬಸ್ಸು ಆಗದು, ಅಗಲದ ಬಸ್ಸು ಆಗದು, ಮುಚ್ಚಿದ ಬಸ್ಸಾದರೆ ತಲೆಯ ಮೇಲಿನ ಶಿಖರ ಕಾಣದು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಉದ್ಯಾನಗಳಿಗೆ ಹೊಂದುವ ಬಸ್ಸು ಯಾವುದೆಂದು ನಿರ್ಧರಿಸಲು 1935ರಲ್ಲಿ ಯೋಸೆಮಿಟಿ ಉದ್ಯಾನದ ಏರುರಸ್ತೆಯಲ್ಲಿ ಸ್ಪರ್ಧೆಯಂತಹ ಪರೀಕ್ಷೆ ನಡೆಯಿತು. ವೈಟ್, ಫೋರ್ಡ್, ಜಿಎಂಸಿ, ರಿಯೋ ಈ ನಾಲ್ಕು ಕಂಪನಿಗಳ ಗಾಡಿಗಳು ಬಂದವು. ಗೆದ್ದದ್ದು ವೈಟ್. ಅದರ ಮಾದರಿಯ ಸಂಖ್ಯೆ 706. ಫೋರ್ಡ್ ಅಂದು ಸೋತಿತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆ ಸೋಲಿಗೆ 65 ವರ್ಷಗಳ ನಂತರ ಒಂದು ತಮಾಷೆಯ ಉತ್ತರ ಸಿಗಲಿದೆ.

706ರ ರೂಪವನ್ನು ಬರೆದವನು ಕೌಂಟ್ ಅಲೆಕ್ಸಿಸ್ ದ ಸಖ್ನಾಫ್‌ಸ್ಕಿ. 1901ರಲ್ಲಿ ಕೀವ್ ನಗರದ ಸಿರಿವಂತ ಮನೆಯಲ್ಲಿ ಹುಟ್ಟಿದವನು. ರಷ್ಯಾದ ಕ್ರಾಂತಿಯಲ್ಲಿ ಎಲ್ಲವನ್ನೂ ಕಳೆದುಕೊಂಡು ಯುರೋಪಿಗೆ ಓಡಿಬಂದು, ಬ್ರಸೆಲ್ಸಿನಲ್ಲಿ ಶ್ರೀಮಂತರ ಕಾರುಗಳಿಗೆ ಕವಚ ಬರೆಯುತ್ತ ಹೆಸರು ಮಾಡಿದ. 1920ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಬಂದ. ಗಾಳಿಯನ್ನು ಸೀಳಿಕೊಂಡು ಹೋಗುವಂತಹ ನುಣುಪು ಗೆರೆಗಳು ಆಗಿನ ಫ್ಯಾಷನ್. ಬಸ್ಸು ಗಂಟೆಗೆ ಇಪ್ಪತ್ತು ಮೂವತ್ತು ಮೈಲಿ ವೇಗದಲ್ಲಿ ಘಾಟಿ ಹತ್ತುವಾಗ ಗಾಳಿಯನ್ನು ಸೀಳುವ ಅಗತ್ಯವೇನೂ ಇರಲಿಲ್ಲ, ನಿಜ. ಆದರೆ ಆ ಗೆರೆಗಳಿಲ್ಲದೆ ಹೋಗಿದ್ದರೆ ಈ ಬಸ್ಸುಗಳನ್ನು ಉಳಿಸಬೇಕೆಂದು ಮುಂದೆ ಯಾರಿಗಾದರೂ ಅನಿಸುತ್ತಿತ್ತೇ ಎಂಬುದು ನನ್ನ ಸಂಶಯ. ಸಾಧಾರಣ ಮುಖದ ಎಷ್ಟೋ ಒಳ್ಳೆಯ ಬಸ್ಸುಗಳು ಗುಜರಿಗೆ ಹೋಗಿವೆ. ಕವಚವನ್ನು ಕಟ್ಟಿದ್ದು ಕ್ಲೀವ್‌ಲೆಂಡಿನದೇ ಬೆಂಡರ್ ಕಂಪನಿ. ಓಕ್ ಮರದ ಹಂದರ, ಅದರ ಮೇಲೆ ಲೋಹದ ತಗಡು. ಒಟ್ಟು 500ರಷ್ಟು ಬಸ್ಸುಗಳು ತಯಾರಾಗಿ ಪಶ್ಚಿಮದ ಉದ್ಯಾನಗಳಿಗೆ ಹಂಚಿಹೋದವು. ಯೆಲ್ಲೋಸ್ಟೋನ್ ಒಂದೇ 98 ಬಸ್ಸುಗಳನ್ನು ಕೊಂಡು ಹಳದಿ ಬಣ್ಣ ಬಳಿಸಿತು. ಗ್ಲೇಸಿಯರ್‌ಗೆ ಬಂದವು 35.

ಜ್ಯಾಮರ್ ಎಂಬ ಹೆಸರು

ಈ ಬಸ್ಸುಗಳ ಚಾಲಕರನ್ನು ‘ಜ್ಯಾಮರ್’ ಎನ್ನುತ್ತಾರೆ. ಗೇರನ್ನು ಒತ್ತಿ ತುರುಕುವವನು ಎಂಬರ್ಥ. ಹೆಸರಿನ ಹಿಂದೆ ಒಂದು ಯಂತ್ರದ ಕಷ್ಟವಿದೆ.

ಇಂದಿನ ಗಾಡಿಗಳಲ್ಲಿ ಗೇರು ಬದಲಿಸುವಾಗ ಎರಡು ಚಕ್ರಗಳ ವೇಗವನ್ನು ಹೊಂದಿಸುವ ಸಾಧನ ಪೆಟ್ಟಿಗೆಯೊಳಗೇ ಇರುತ್ತದೆ. 706ರಲ್ಲಿ ಅದಿರಲಿಲ್ಲ. ಎಂಜಿನ್ ಕಡೆಯ ಹಲ್ಲಿನ ಚಕ್ರ ಒಂದು ವೇಗದಲ್ಲಿ ತಿರುಗುತ್ತಿರುತ್ತದೆ, ಗಾಲಿಯ ಕಡೆಯದು ಇನ್ನೊಂದು ವೇಗದಲ್ಲಿ. ಹಾಗೇ ನೂಕಿದರೆ ಹಲ್ಲಿಗೆ ಹಲ್ಲು ಉಜ್ಜಿ ಕಿವಿ ಕಿತ್ತುಹೋಗುವಂತೆ ಕಿರುಚುತ್ತದೆ. ಆದ್ದರಿಂದ ಚಾಲಕ ಕ್ಲಚ್ಚನ್ನು ಎರಡು ಸಲ ತುಳಿಯಬೇಕು. ಮೊದಲ ಸಲ ತುಳಿದು ಗೇರನ್ನು ನ್ಯೂಟ್ರಲ್ಲಿಗೆ ತರಬೇಕು. ಕ್ಲಚ್ಚು ಬಿಟ್ಟು ಆಕ್ಸಿಲರೇಟರನ್ನು ಅಂದಾಜಿನ ಮೇಲೆ ಒಮ್ಮೆ ಒತ್ತಬೇಕು. ವೇಗ ಹೊಂದಿತೆಂದು ಕಿವಿ ಹೇಳಿದ ಗಳಿಗೆಯಲ್ಲಿ ಮತ್ತೆ ಕ್ಲಚ್ಚು ತುಳಿದು ಕೆಳಗಿನ ಗೇರಿಗೆ ಹಾಕಬೇಕು. ಇದು ಘಾಟಿ ಇಳಿಯುವಾಗಲೂ ಬೇಕು, ಏಕೆಂದರೆ ಬರಿಯ ಬ್ರೇಕನ್ನು ನಂಬಿ ಅಷ್ಟು ದೂರ ಇಳಿದರೆ ಬ್ರೇಕು ಕಾದು ಹಿಡಿತ ತಪ್ಪುತ್ತದೆ. ಗೇರೇ ಬಸ್ಸನ್ನು ಹಿಡಿದು ನಿಲ್ಲಿಸಬೇಕು. ನಮ್ಮ ಘಟ್ಟದ ರಸ್ತೆಗಳಲ್ಲಿ ಹಿಂದೆ ಬಸ್ಸು ಓಡಿಸಿದ ಹಿರಿಯ ಡ್ರೈವರುಗಳಿಗೆ ಈ ‘ಡಬಲ್ ಕ್ಲಚ್’ ವಿದ್ಯೆ ಹೊಸದೇನಲ್ಲ. ಕಾಲು, ಕೈ, ಕಿವಿ ಮೂರೂ ಒಂದೇ ತಾಳಕ್ಕೆ ಬೀಳುವ ತನಕ ಅದು ಬಾರದ ವಿದ್ಯೆ.

ಗ್ಲೇಸಿಯರ್‌ನಲ್ಲಿ ಈ ಕೆಲಸಕ್ಕೆ ಬರುತ್ತಿದ್ದವರು ಹೆಚ್ಚಾಗಿ ಕಾಲೇಜು ಹುಡುಗರು, ಬೇಸಿಗೆ ರಜೆಗೆ ಸಂಪಾದನೆ ಮಾಡಲು ಬಂದವರು. ಕೆಲಸ ಕಲಿಯುವ ದಿನಗಳಲ್ಲಿ ಅವರು ಹೊರಡಿಸುತ್ತಿದ್ದ ಕಿರುಚಾಟ ಕಣಿವೆಯ ಆಚೆಯವರೆಗೂ ಕೇಳುತ್ತಿತ್ತೆಂಬ ನಗೆಮಾತಿನಿಂದಲೇ ಆ ಹೆಸರು ಅಂಟಿಕೊಂಡಿತು. ಕ್ರಮೇಣ ಅದು ಬಿರುದಾಯಿತು. ಜ್ಯಾಮರ್ ಆದವನು ಸಮವಸ್ತ್ರ ತೊಟ್ಟು, ಬಸ್ಸು ಓಡಿಸುತ್ತಲೇ ಶಿಖರಗಳ ಹೆಸರು ಹೇಳಬೇಕು, ಕರಡಿಯ ಕತೆ ಹೇಳಬೇಕು, ಹಿಮನದಿ ಹೇಗಾಗುತ್ತದೆಂಬ ಪ್ರಶ್ನೆಗೆ ದಿನಕ್ಕೆ ನಾಲ್ಕು ಸಲ ನಗುಮುಖದಿಂದ ಉತ್ತರಿಸಬೇಕು.

ಉಳಿದದ್ದು ಹೇಗೆ?

ಯುದ್ಧದ ವರ್ಷಗಳಲ್ಲಿ ಹೋಟೆಲುಗಳು ಮುಚ್ಚಿದವು, ಬಸ್ಸುಗಳು ಶೆಡ್ಡಿನಲ್ಲಿ ನಿಂತವು. ಯುದ್ಧ ಮುಗಿದಾಗ ಬೇರೆಯೇ ಅಮೆರಿಕ ಎದುರಿಗಿತ್ತು. ಜನ ಸ್ವಂತ ಕಾರಿನಲ್ಲಿ ಬರತೊಡಗಿದರು. ರೈಲಿನಲ್ಲಿ ಬಂದು ಇಳಿಯುವವರೇ ಕಡಿಮೆಯಾದ ಮೇಲೆ ಅವರನ್ನು ಕರೆದೊಯ್ಯುವ ಬಸ್ಸಿಗೇನು ಕೆಲಸ? 1950, 60ರ ದಶಕಗಳಲ್ಲಿ ಒಂದೊಂದೇ ಉದ್ಯಾನ ತನ್ನ 706ಗಳನ್ನು ಮಾರಿ ಕೈತೊಳೆದುಕೊಂಡಿತು. ಯೆಲ್ಲೋಸ್ಟೋನಿನ ಹಳದಿ ಬಸ್ಸುಗಳು ದಿಕ್ಕಾಪಾಲಾದವು.

ಗ್ಲೇಸಿಯರ್ ಏಕೆ ಮಾರಲಿಲ್ಲ? ಇದರಲ್ಲಿ ಪರಂಪರೆಯ ಮೇಲಿನ ಪ್ರೀತಿಗಿಂತ ಬಡತನದ ಪಾತ್ರ ದೊಡ್ಡದೆಂದು ನನಗೆ ಅನ್ನಿಸುತ್ತದೆ. ಅಲ್ಲಿನ ಪ್ರವಾಸದ ಕಾಲ ಮೂರು ತಿಂಗಳು ದಾಟದು. ಲೋಗನ್ ಕಣಿವೆದಾರಿಯ ಹಿಮವನ್ನು ಯಂತ್ರಗಳಿಂದ ಬಗೆದು ತೆಗೆದು ರಸ್ತೆ ತೆರೆಯುವಷ್ಟರಲ್ಲಿ ಜೂನ್ ಮುಗಿಯುತ್ತ ಬಂದಿರುತ್ತದೆ, ಕೆಲವು ವರ್ಷ ಜುಲೈ. ಇಷ್ಟು ಚಿಕ್ಕ ಹಂಗಾಮಿಗೆ ಹೊಸ ಬಸ್ಸುಗಳ ಮೇಲೆ ಹಣ ಹಾಕುವವರು ಯಾರು? ಹೋಟೆಲುಗಳಿಂದ ಲಾಭವಿಲ್ಲವೆಂದು ರೈಲ್ವೆ ಕಂಪನಿ 1960ರಲ್ಲಿ ಎಲ್ಲವನ್ನೂ ಮಾರಿತು. ಕೊಂಡವನು ಡಾನ್ ಹಮ್ಮೆಲ್, ಅರಿಜೋನಾದ ಟೂಸಾನ್ ನಗರದ ಮೇಯರ್ ಆಗಿದ್ದವನು. ಅವನ ಕೈಯಲ್ಲಿ ಇಪ್ಪತ್ತು ವರ್ಷ ಹಳೆಯ ಬಸ್ಸುಗಳೇ ಓಡಿದವು. ಇನ್ನೊಂದು ಕಾರಣ ಆ ಘಾಟಿಯೇ. ಬೇರೆಡೆ ನಲವತ್ತು ಐವತ್ತು ಮಂದಿಯ ದೊಡ್ಡ ಬಸ್ಸು ಬಂದು ಚಿಕ್ಕದನ್ನು ಓಡಿಸಿಬಿಟ್ಟಿತು. ವಿಂಟ್ ಬಂಡೆಗೆ ಅಂಟಿಸಿದ ರಸ್ತೆಯಲ್ಲಿ ಅದಕ್ಕೆ ದಾರಿಯಿರಲಿಲ್ಲ. ಹದಿನೈದು ಗೀರು ಬೇಡ ಎಂದ ಹಟ, ಅರಿವಿಲ್ಲದೆಯೇ, ಬಸ್ಸನ್ನೂ ಕಾಯಿತು.

ಆದರೆ ಕಬ್ಬಿಣಕ್ಕೂ ಆಯುಸ್ಸಿದೆ. 1989ರಲ್ಲಿ ಹಳೆಯ ಗೇರುಪೆಟ್ಟಿಗೆಗಳನ್ನು ಕಳಚಿ ಆಟೊಮ್ಯಾಟಿಕ್ ಗೇರು, ಪವರ್ ಸ್ಟಿಯರಿಂಗ್ ಕೂರಿಸಿದರು. ಕಿರುಚಾಟ ನಿಂತಿತು, ಜ್ಯಾಮರ್ ಎಂಬ ಹೆಸರು ಮಾತ್ರ ನಿಲ್ಲಲಿಲ್ಲ. ಹತ್ತು ವರ್ಷ ಕಳೆದು, 1999ರ ಆಗಸ್ಟಿನಲ್ಲಿ, ಬಸ್ಸುಗಳ ಷಾಸಿಯಲ್ಲಿ ಬಿರುಕು ಕಾಣಿಸಿತು. ಆರು ದಶಕಗಳ ಕುಲುಕಾಟಕ್ಕೆ ಲೋಹವೇ ದಣಿದಿತ್ತು. ಹಂಗಾಮಿನ ನಡುವೆಯೇ ಎಲ್ಲ ಬಸ್ಸುಗಳನ್ನೂ ರಸ್ತೆಯಿಂದ ತೆಗೆದರು. ಅವುಗಳ ಬದಲು ಓಡಿದ ವ್ಯಾನುಗಳನ್ನು ನೋಡಿ ಜನ ಮುಖ ಸಿಂಡರಿಸಿದರು. ಹಳೆಯ ಜ್ಯಾಮರುಗಳು, ಹೋಟೆಲಿನ ಹಳೆಯ ನೌಕರರು, ಬಾಲ್ಯದಲ್ಲಿ ಆ ಬೆಂಚಿನ ಮೇಲೆ ಕೂತವರು ದನಿ ಎತ್ತಿದರು.

ಆಗ ಮುಂದೆ ಬಂದದ್ದು ಫೋರ್ಡ್ ಕಂಪನಿ, 1935ರ ಪರೀಕ್ಷೆಯಲ್ಲಿ ಸೋತದ್ದು. ಗೆದ್ದ ವೈಟ್ ಅಷ್ಟರಲ್ಲಿ ಇರಲೇ ಇಲ್ಲ. 1980ರಲ್ಲಿ ದಿವಾಳಿಯಾಗಿ, ಮರುವರ್ಷ ಅದರ ಆಸ್ತಿಯನ್ನು ವೋಲ್ವೊ ಕೊಂಡಿತ್ತು. ಬಸ್ಸುಗಳ ಕವಚವನ್ನು ಎತ್ತಿ, ಫೋರ್ಡಿನ ಇ-450 ಎಂಬ ಹೊಸ ಷಾಸಿಯ ಮೇಲೆ ಕೂರಿಸಿದರು. ಪ್ರೊಪೇನ್ ಅನಿಲ, ಪೆಟ್ರೋಲ್ ಎರಡರಲ್ಲೂ ಓಡುವ ಎಂಜಿನ್. ಕೊಳೆತ ಮರವನ್ನು ಬದಲಿಸಿದರು, ಬಣ್ಣವನ್ನು ಹಳೆಯ ಕೆಂಪಿಗೇ ಹೊಂದಿಸಿದರು. ಕೆಲಸ ನಡೆದದ್ದು ಮಿಶಿಗನ್ ರಾಜ್ಯದಲ್ಲಿ, ಖರ್ಚು ಅರವತ್ತು ಲಕ್ಷ ಡಾಲರುಗಳಿಗೂ ಮೇಲೆ. 2002ರ ಬೇಸಿಗೆಯಲ್ಲಿ ಕೆಂಪು ಬಸ್ಸುಗಳು ಮತ್ತೆ ಘಾಟಿ ಹತ್ತಿದವು. ಒಂದು ಬಸ್ಸನ್ನು ಮಾತ್ರ ಹಳೆಯ ಯಂತ್ರದ ಸಮೇತ ಮೂಲರೂಪದಲ್ಲೇ ಇಟ್ಟುಕೊಂಡರು.

ಈಗ ಆ ಪ್ರಶ್ನೆಗೆ ಬರಬಹುದು. ಎಂಜಿನ್ ಬೇರೆ, ಗೇರು ಬೇರೆ, ಷಾಸಿ ಬೇರೆ, ಮರದಲ್ಲೂ ಎಷ್ಟೋ ಪಾಲು ಹೊಸದು. ಹೀಗಿರುವಾಗ ಇದನ್ನು 1936ರ ಬಸ್ಸು ಎನ್ನುವುದು ಹೇಗೆ? ವಸ್ತುಸಂಗ್ರಹಾಲಯದವರನ್ನು ಕೇಳಿದರೆ ತಕರಾರು ಎತ್ತುತ್ತಾರೆ, ಅವರ ದೃಷ್ಟಿಯಲ್ಲಿ ಅದು ಸರಿಯೂ ಹೌದು. ಮೂಲ ಯಂತ್ರ ಹೋದರೆ ಆ ಕಾಲದ ಕಸುಬೂ ಹೋಯಿತು. ಡಬಲ್ ಕ್ಲಚ್ಚಿನ ತಾಳವನ್ನು ಫೋಟೋ ನೋಡಿ ಕಲಿಯಲಾಗದು. ಆದರೆ ನಮ್ಮ ಊರಿನ ತೇರನ್ನು ನೆನೆಯಿರಿ. ಗಾಲಿ ಬಿರುಕು ಬಿಟ್ಟರೆ ಹೊಸ ಗಾಲಿ, ಅಚ್ಚು ಸವೆದರೆ ಹೊಸ ಅಚ್ಚು. ಅಜ್ಜನ ಕಾಲದ ಮರ ಎಷ್ಟು ಉಳಿದಿದೆಯೆಂದು ರಥೋತ್ಸವದ ದಿನ ಯಾರೂ ಲೆಕ್ಕ ಹಾಕುವುದಿಲ್ಲ. ವರ್ಷಕ್ಕೊಮ್ಮೆ ಅದೇ ಬೀದಿಯಲ್ಲಿ ಎಳೆಯುತ್ತಾರೆ, ಆದ್ದರಿಂದ ಅದೇ ತೇರು. ಎಳೆಯುವುದು ನಿಂತ ತೇರಿನಲ್ಲಿ ಮರವೆಲ್ಲ ಹಳೆಯದೇ ಇದ್ದರೂ ಅದು ಮಂಟಪದ ಮೂಲೆಯ ಸಾಮಾನು. ಗ್ಲೇಸಿಯರ್‌ನವರು 32 ಬಸ್ಸುಗಳನ್ನು ತೇರಿನಂತೆ ಕಂಡರು, ಒಂದನ್ನು ಮೂರ್ತಿಯಂತೆ ಇಟ್ಟರು. ಇದಕ್ಕಿಂತ ವಿವೇಕದ ಹಂಚಿಕೆ ನನಗಂತೂ ಹೊಳೆಯುವುದಿಲ್ಲ.

ಕೈಬಿಟ್ಟವರ ಅನುಭವವೂ ಇದೆ. 2001ರಲ್ಲಿ ಯೆಲ್ಲೋಸ್ಟೋನಿನ ಹೋಟೆಲು ನಡೆಸುವವರು ದೂರದ ಅಲಾಸ್ಕಾದ ಸ್ಕ್ಯಾಗ್‌ವೇ ಎಂಬ ಊರಿನಲ್ಲಿ ತಮ್ಮ ಉದ್ಯಾನದ್ದೇ ಎಂಟು ಹಳದಿ ಬಸ್ಸುಗಳನ್ನು ಪತ್ತೆಮಾಡಿ, ದುಡ್ಡು ಕೊಟ್ಟು ಮರಳಿ ಕೊಂಡು ತಂದರು. ದುರಸ್ತಿ ಮಾಡಿಸಿ 2007ರಲ್ಲಿ ರಸ್ತೆಗೆ ಬಿಟ್ಟರು. ತೊಂಬತ್ತೆಂಟರಲ್ಲಿ ಎಂಟು.

2002ರಲ್ಲಿ ಹಾಕಿದ ಷಾಸಿಗಳೂ ಮುದಿಯಾದವು. ಮತ್ತೊಂದು ಸುತ್ತಿನ ಜೀರ್ಣೋದ್ಧಾರಕ್ಕಾಗಿ ಬಸ್ಸುಗಳು ಸರದಿಯ ಮೇಲೆ ಐಡಾಹೋ ರಾಜ್ಯದ ಕಾರ್ಖಾನೆಯೊಂದಕ್ಕೆ ಹೋದವು. ಲೂಯಿ ಹಿಲ್‌ನ ಕಾಲದಿಂದ ಬಂದ ‘ಎಂಪೈರ್ ಬಿಲ್ಡರ್’ ಹೆಸರಿನ ರೈಲು ಬೇಸಿಗೆಯಲ್ಲಿ ಈಸ್ಟ್ ಗ್ಲೇಸಿಯರ್ ನಿಲ್ದಾಣದಲ್ಲಿ ಇಂದಿಗೂ ನಿಲ್ಲುತ್ತದೆ. ಬಸ್ಸುಗಳು ತೋರಿಸಲೆಂದು ಹೊರಟ ಹಿಮನದಿಗಳ ಸ್ಥಿತಿ ಮಾತ್ರ ಹಾಗಿಲ್ಲ. 1850ರ ಸುಮಾರಿಗೆ ಈ ಬೆಟ್ಟಗಳಲ್ಲಿ 150ರಷ್ಟು ಹಿಮನದಿಗಳಿದ್ದುವೆಂದು ಭೂವಿಜ್ಞಾನಿಗಳ ಅಂದಾಜು. 2015ರ ಅಳತೆಯಲ್ಲಿ ಹಿಮನದಿ ಎನ್ನಿಸಿಕೊಳ್ಳುವಷ್ಟು ವಿಸ್ತಾರ ಉಳಿಸಿಕೊಂಡಿದ್ದವು 26. ಬಸ್ಸುಗಳು ಆಗಲೇ ಸಂಖ್ಯೆಯಲ್ಲಿ ಅವನ್ನು ಮೀರಿದ್ದವು. ಛಾವಣಿ ಸುತ್ತಿಟ್ಟು, ಲೋಗನ್ ಕಣಿವೆದಾರಿಯಲ್ಲಿ ಬಸ್ಸು ನಿಲ್ಲಿಸಿ, ಮೊದಲು ಹಿಮ ಎಲ್ಲಿಯವರೆಗೆ ಇತ್ತೆಂದು ಬೆರಳು ತೋರಿಸಿ ಹೇಳುವುದು ಈಗ ಜ್ಯಾಮರನ ಕೆಲಸದಲ್ಲಿ ಸೇರಿದೆ.